ಹೀಲಿಯಂ ಸರದಿಯ ದಿನ

“ಸಮಿತಿ ಮುಂದೆ ಹತ್ತು ನಿಮಿಷ ಬಂದು ಕೂತ್ರೆ ಸಾಕಮ್ಮ, ಮಾತು ನಾನೇ ಆಡ್ತೀನಿ,” ಎಂದರು ಅವಳ ಪಿಎಚ್.ಡಿ. ಗೈಡು, ಪ್ರಯೋಗಾಲಯದ ಬಾಗಿಲಲ್ಲೇ ನಿಂತು.

ಅವಳು ಒತ್ತಡಮಾಪಕದ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ದ್ರವ ಹೀಲಿಯಂ ಆ ವಿಭಾಗದಲ್ಲಿ ಸರದಿ ಪ್ರಕಾರ ಸಿಗುವ ವಸ್ತು. ಅವಳ ಸರದಿ ಇವತ್ತು. ತಪ್ಪಿದರೆ ಮುಂದಿನ ವರ್ಷ. ಹೀಲಿಯಂ ಪಾತ್ರೆಯೊಳಗಿನ ಲೋಹದ ಚೂರು ಇನ್ನೇನು ಬೇಕಾದಷ್ಟು ತಣ್ಣಗಾಗುವುದರಲ್ಲಿತ್ತು. ಕವಾಟವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಪಕ್ಕದಲ್ಲೇ ಇರಬೇಕು. ಬಿಟ್ಟು ಹೋದರೆ ಹೀಲಿಯಂ ಆವಿಯಾಗಿ, ಪ್ರಬಂಧದ ಕೊನೆಯ ಅಧ್ಯಾಯವೂ ಅದರ ಜೊತೆಗೇ ಹಾರಿಹೋಗುತ್ತಿತ್ತು.

ಇಲ್ಲವೆನ್ನುವುದೂ ಸುಲಭವಿರಲಿಲ್ಲ. ಅವಳ ಸಮುದಾಯದಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಬಂದವಳು ಅವಳೊಬ್ಬಳೇ. ಯಾವ ಸಮಿತಿ ಬಂದರೂ ಮೊದಲು ಅವಳಿಗೇ ಕರೆ. ಜೊತೆಯವರು ‘ಕರಪತ್ರ’ ಎಂದು ಅಡ್ಡಹೆಸರಿಟ್ಟು, ಈ ಸಲ ಯಾವ ಬಣ್ಣದಲ್ಲಿ ಅಚ್ಚಾಗ್ತೀಯ ಎಂದು ಕಿಚಾಯಿಸುತ್ತಿದ್ದರು. ಮೊದಮೊದಲು ಅವಳೂ ನಗುತ್ತಿದ್ದಳು. ಇವತ್ತಿನ ಸಮಿತಿ ಒಪ್ಪಿದರೆ ಅವಳಂಥವರಿಗೆ ಇನ್ನೆರಡು ಸೀಟು. ಚಿಕ್ಕಮ್ಮನ ಮಗಳು ಅದಕ್ಕೇ ಕಾದು ಕೂತು, ಏನಾಯ್ತಕ್ಕ ಎಂದು ದಿನಾ ಫೋನ್ ಮಾಡುತ್ತಿದ್ದಳು.

ಕವಾಟವನ್ನು ತಾವೇ ನೋಡಿಕೊಳ್ಳುವುದಾಗಿ ಗೈಡು ಅಂಗಿಯ ತೋಳು ಮಡಚಿದರು. ಒಳ್ಳೆಯವರೇ. ಆದರೆ ಆ ಕೈ ಸಹಿ ಹಾಕುವುದು ಬಿಟ್ಟು ಮಿಕ್ಕಿದ್ದನ್ನೆಲ್ಲ ಮರೆತು ವರ್ಷಗಳಾಗಿದ್ದವು.

“ಅವರಿಗೆ ನನ್ನ ಕೆಲಸ ನೋಡ್ಬೇಕಾ ಸರ್, ನನ್ನನ್ನ ನೋಡ್ಬೇಕಾ?”

“ಎರಡೂ ಅಲ್ಲ. ಊಟದ ಹೊತ್ತಿಗೆ ಮುಗಿಸ್ಬೇಕಂತೆ.”

“ಹಾಗಾದ್ರೆ ಇಲ್ಲಿಗೇ ಕರ್ಕೊಂಡು ಬನ್ನಿ.”

ಬಂದರು. ಪಂಪಿನ ಸದ್ದಿಗೆ ಸಮಿತಿಯ ಉಳಿದವರು ಹೊರಗೇ ನಿಂತರು. ಅಧ್ಯಕ್ಷೆ ಮಾತ್ರ ಪೈಪುಗಳನ್ನು ದಾಟಿ ಒಳಬಂದು, ಇಲ್ಲಿಯವರೆಗೆ ಬರಲು ಏನೇನು ಕಷ್ಟಪಟ್ಟೆ ಎಂದು ದನಿಯೆತ್ತಿ ಕೇಳಿದರು. ಬಂದದ್ದಕ್ಕಿಂತ ಇಲ್ಲಿ ಉಳಿಯುವುದೇ ಕಷ್ಟ ಎಂದಳು ಅವಳು. ಕವಾಟ ಸೋರುವುದನ್ನೂ, ಸರದಿ ತಪ್ಪಿದವರ ಗತಿಯನ್ನೂ ಹೇಳಿದಳು. ಹಾಗಾದರೆ ಏನಾಗಬೇಕು ಎಂದರು ಅಧ್ಯಕ್ಷೆ.

“ನನ್ನಂಥವರು ಇನ್ನಿಬ್ಬರು ಬರ್ಲಿ ಮೇಡಂ. ಒಬ್ಬಳು ನಿಮ್ಮ ಮುಂದೆ ಬಂದು ಕೂರ್ತಾಳೆ, ಉಳಿದಿಬ್ಬರು ಕೆಲಸ ಮಾಡ್ತೀವಿ.”

ಗೈಡ್ ಅವರ ಮುಖ ಇಳಿಯಿತು. ಅಧ್ಯಕ್ಷೆ ನಗಲಿಲ್ಲ, ಮುನಿಯಲೂ ಇಲ್ಲ, ತಲೆಯಾಡಿಸಿ ಹೊರಟರು.

“ಇನ್ನಿಬ್ಬರಿಗೆ ಈ ರೂಮಲ್ಲಿ ಜಾಗ ಎಲ್ಲಿದೆಯಮ್ಮ?” ಎಂದರು ಗೈಡು, ಸುಸ್ತಾದ ದನಿಯಲ್ಲಿ.

“ಮೊದಲು ಬರ್ಲಿ ಬಿಡಿ ಸರ್. ಒತ್ತರಿಸಿಕೊಂಡು ನಿಲ್ತೀವಿ.”

ಅವರು ಸಮಿತಿಯ ಹಿಂದೆ ಊಟಕ್ಕೆ ಹೋಗಲಿಲ್ಲ. ಇದ್ದ ಒಂದೇ ಸ್ಟೂಲನ್ನು ತಾವೇ ಎಳೆದುಕೊಂಡು ಕೂತು, ಜೇಬಿನಿಂದ ಪೆನ್ನು ತೆಗೆದರು. ಪಾತ್ರೆಯೊಳಗಿನ ತಾಪ ಇಳಿದು ಬೇಕಾದಲ್ಲಿ ನಿಂತಿತು. ಅವಳು ನಿಂತಲ್ಲಿಂದಲೇ ಮೊದಲ ಅಂಕಿ ಹೇಳಿದಳು, ಅವರು ಬರೆದುಕೊಂಡರು.