ನೆಲಕ್ಕಿಳಿದ ನಕಾಶೆ

ಅಫಜಲಪುರದ ಮಿಡಲ್ ಶಾಲೆಯಲ್ಲಿ ಹೈದರಾಬಾದ್ ಸಂಸ್ಥಾನದ ನಕಾಶೆ ದಕ್ಷಿಣದ ಗೋಡೆಯ ಮೇಲಿತ್ತು. ಬೇರೆ ಗೋಡೆಗಳಲ್ಲಿ ಮೊಳೆ ನಿಲ್ಲುತ್ತಿರಲಿಲ್ಲ ಎಂಬುದನ್ನು ಬಿಟ್ಟರೆ ಅದಕ್ಕೆ ಶಾಸ್ತ್ರೀಯ ಕಾರಣ ಯಾವುದೂ ಇರಲಿಲ್ಲ.

ಎರಡನೇ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ ಹಂಗಾಮಿ ಮಾಸ್ತರರಾಗಿ ಬಂದ ಜಗದೇವಪ್ಪ, ಮೊದಲ ಪಾಠದಲ್ಲೇ ಹುಡುಗರನ್ನು ಕೇಳಿದರು: "ಹೈದರಾಬಾದ್ ಯಾವ ಕಡಿಗದ? ಕೈ ಮಾಡಿ ತೋರಿಸ್ರಿ."

ನಕಾಶೆಯಲ್ಲಿ ಹೈದರಾಬಾದ್ ಬಲಕ್ಕಿತ್ತು. ಹುಡುಗರೆಲ್ಲ ಒಮ್ಮನಸ್ಸಿನಿಂದ ಬಲಗೈ ಚಾಚಿದರು. ಆ ಕಡೆ ಇದ್ದದ್ದು ಪಶ್ಚಿಮ. ಭೀಮಾ ಹೊಳೆ, ಹೊಳೆಯಾಚೆ ಇಂಗ್ಲಿಷರ ಸರಹದ್ದು. ಉತ್ತರ ದಿಕ್ಕು ಎಲ್ಲಿ ಎಂದರೆ ಜಂತಿ ತೋರಿಸಿದರು.

ಮಾಸ್ತರರು ರಾತ್ರಿ ಕೂತು ಪಾಠ ಹೊಸೆದರು. ನಕಾಶೆಯನ್ನು ನೆಲಕ್ಕೆ ಹಾಸಿ ಉತ್ತರವನ್ನು ಉತ್ತರಕ್ಕೇ ತಿರುಗಿಸುವುದು. ಹುಡುಗರು ಸುತ್ತ ಕೂತು ಪ್ರಶ್ನೆ ಕೇಳುವುದು. ಪಡುವಣ ಸಮುದ್ರದ ಮಗ್ಗುಲಲ್ಲೇ ಹುಟ್ಟಿದ ಭೀಮಾ ಮೂಡಲಿಗೆ ಯಾಕೆ ಹರಿಯುತ್ತದೆ ಎಂಬಂಥವು. ಉತ್ತರ ಹುಡುಕುವುದೂ ಅವರೇ. ಮಾಸ್ತರರು ಬಾಯಿ ಬಿಡಕೂಡದು.

ಮುಖ್ಯೋಪಾಧ್ಯಾಯ ಬುರಾನುದ್ದೀನ ಸಾಹೇಬರು ಇದನ್ನು ಕೇಳಿ ಬೆವರಿದರು.

"ಮಾಸ್ತರ, ಮ್ಯಾಲ ನಿಜಾಮ ಹುಜೂರರ ಮೊಹರು ಅದರಿ. ಗ್ವಾಡಿ ಮ್ಯಾಲಿದ್ರ ಅದು ಮುಲುಕ, ರಾಜ್ಯ. ನೆಲಕ್ಕ ಹಾಸಿದ್ರ ಜಮಖಾನ. ಹುಡುಗರ ಕಾಲು ತಾಕಿ, ಯಾರರೆ ಹೋಗಿ ಚಾಡಿ ಹೇಳಿದ್ರ?"

"ಕಾಲು ತೊಳಕೊಂಡು ಕೂಡ್ತಾರ್ರಿ ಸಾಹೇಬ್ರ. ಯಾರೂ ತುಳಿಯೂದಿಲ್ಲ."

"ಶನಿವಾರ ನಾಜಿರರು ತಪಾಸಣಿಗಿ ಬರ್ತಾರ. ನಿಮ್ಮ ನೌಕರಿ ಕಾಯಂ ಆಗೂದು ಅವರ ಕೈಯಾಗದ. ತಪ್ಪಿದ್ರ ಇಜೇರಿಗಿ ಹೋಗಿ ಭಾವನ ದುಕಾನದಾಗ ಬೆಲ್ಲ ತೂಗ್ತೀರಿ, ನೆನಪಿರಲಿ."

ಜಗದೇವಪ್ಪನವರಿಗೆ ನೆನಪಿತ್ತು. ಭಾವನೂ ಮರೆಯಲು ಬಿಡುತ್ತಿರಲಿಲ್ಲ. ಅದಕ್ಕೇ ಅವರು ಪಾಠವನ್ನು ಗುರುವಾರಕ್ಕೇ ಇಟ್ಟುಕೊಂಡರು.

ನಾಜಿರ ಶರಫುದ್ದೀನರೂ ಗುರುವಾರವೇ ಬಂದರು.

ಟಾಂಗಾದ ಸದ್ದು ಕೇಳಿದಾಗ ಸಂಸ್ಥಾನ ನೆಲದ ಮೇಲೆ ಅಂಗಾತ ಬಿದ್ದಿತ್ತು. ಕೋಣೆ ಕಿರಿದಾದ್ದರಿಂದ ನಕಾಶೆಯ ಪಶ್ಚಿಮದ ಅಂಚು ಬಾಗಿಲ ಹೊಸ್ತಿಲಿಗೇ ತಾಗಿತ್ತು. ಬುರಾನುದ್ದೀನರು ಕಿಟಕಿಯಲ್ಲಿ ಮುಖವಿಟ್ಟು, "ಎತ್ರಿ! ಖುದಾನ ವಾಸ್ತೆ ಗ್ವಾಡಿಗಿ ಹಾಕ್ರಿ!" ಎಂದು ಪಿಸುಗುಟ್ಟಿದರು. ಮಾಸ್ತರರು ಬಗ್ಗಿ ನಕಾಶೆಯ ತೂಗುದಾರ ಎಳೆದರು. ದಾರ ಗಂಟುಬಿದ್ದಿತ್ತು. ಅಂಗಳದಲ್ಲಿ ಬೂಟಿನ ಸದ್ದು ಕೇಳಿತು. ಮಾಸ್ತರರು ದಾರ ಬಿಟ್ಟು ಎದ್ದು ನಿಂತರು.

ಬಿಸಿಲಿನಿಂದ ಒಳಬಂದ ನಾಜಿರರ ಕಣ್ಣಿಗೆ ಮೊದಲು ಬಿದ್ದದ್ದು ದಕ್ಷಿಣದ ಗೋಡೆ ಮತ್ತು ಅದರ ಬರಿಯ ಮೊಳೆ.

"ಸರಕಾರಿ ನಕಾಶೆ ಎಲ್ಲಿ ಅದ?" ಎಂದು ಗುಡುಗಿ ಒಂದು ಹೆಜ್ಜೆ ಮುಂದಿಟ್ಟರು.

ಬೂಟು ನಕಾಶೆಯ ಮೇಲಿತ್ತು. ಹೇಳಿದರೆ ಅಧಿಕಪ್ರಸಂಗ, ಹೇಳದಿದ್ದರೆ ಇನ್ನೊಂದು ಹೆಜ್ಜೆ. ಜಗದೇವಪ್ಪನವರ ನಾಲಿಗೆಯ ಮೇಲೆ ಬೆಲ್ಲದ ರುಚಿ ಬಂತು.

"ಕಿವಿ ಕೇಳಸಂಗಿಲ್ಲೇನು, ಮಾಸ್ತರ? ನಕಾಶೆ ಎಲ್ಲಿ ಅಂದೆ!"

ಮುಂದೆ ಕೂತಿದ್ದ ಮಲ್ಕಪ್ಪ ಕೈ ಎತ್ತಿದ. ಮಾಸ್ತರರು ಕಲಿಸಿದ್ದು ಒಂದೇ: ಹೇಳಬ್ಯಾಡ್ರಿ, ಕೇಳ್ರಿ. ಅವನು ಕೇಳಿದ:

"ಮಾಸ್ತರ್ರಿ, ಸಾಹೇಬರು ಈಗ ಯಾವ ಜಿಲ್ಲಾದಾಗ ನಿಂತಾರ್ರಿ?"

ಮಾಸ್ತರರು ಬಾಯಿ ತೆರೆಯುವ ಮೊದಲೇ ಇಡೀ ತರಗತಿ ನಿಯಮದಂತೆ ಬಗ್ಗಿ, ಬೂಟಿನ ಸುತ್ತ ಇಣುಕಿ, ಒಕ್ಕೊರಲಿನಿಂದ ಉತ್ತರ ಕಂಡುಕೊಂಡಿತು:

"ಉಸ್ಮಾನಾಬಾದ್‌ರೀ!"

ಹುಜೂರರ ಸ್ವಂತ ಹೆಸರು ಹೊತ್ತ ಜಿಲ್ಲೆ.

"ತೋಬಾ, ತೋಬಾ," ಎಂದು ಕಿಟಕಿ ನರಳಿತು.

ನಾಜಿರರು ಕೆಳಗೆ ನೋಡಿದರು. ಕಾಲು ಎತ್ತಲಿಲ್ಲ, ಎತ್ತಿದರೆ ಇಟ್ಟಿದ್ದು ಖರೇ ಆಗುತ್ತಿತ್ತು. ಅವರು ಕಿಟಕಿಯನ್ನು ನೋಡಿದರು, ಮಾಸ್ತರರನ್ನು ನೋಡಿದರು, ಕೊನೆಗೆ ಹುಡುಗರ ತೊಳೆದ ಬರಿಗಾಲುಗಳನ್ನು ನೋಡಿದರು. ಆಮೇಲೆ ಮೆಲ್ಲಗೆ ಕಾಲು ಹಿಂದೆಗೆದು, ಹೊಸ್ತಿಲ ಹೊರಗೆ ಬೂಟು ಬಿಚ್ಚಿಟ್ಟು ಬಂದು, ಹುಡುಗರ ಸಾಲಿನಲ್ಲಿ ಕೂತರು.

"ಹೈದರಾಬಾದ್ ಯಾವ ಕಡಿಗದ್ರೋ?" ಎಂದು ಕೇಳಿದರು.

ಎಲ್ಲ ಕೈಗಳೂ ಮೂಡಲಿಗೆ ಚಾಚಿದವು.

"ಹೋದ ವರ್ಷ ಪಶ್ಚಿಮಕ್ಕ ತೋರಿಸಿದ್ರಿ."

"ಆವಾಗ ಅದು ಗ್ವಾಡಿ ಮ್ಯಾಲಿತ್ರಿ," ಎಂದ ಮಲ್ಕಪ್ಪ.

ನೌಕರಿ ಕಾಯಂ ಆಯಿತು. ವರದಿಯಲ್ಲಿ ನಕಾಶೆ ಸುಸ್ಥಿತಿಯಲ್ಲಿದೆ ಎಂದಿತ್ತು, ಎಲ್ಲಿದೆ ಎಂದಿರಲಿಲ್ಲ. "ಉಳೀತು ಮಾಸ್ತರ," ಎಂದರು ಬುರಾನುದ್ದೀನರು, "ಯಾರ ನೌಕರಿ ಅಂತ ಮಾತ್ರ ಕೇಳಬ್ಯಾಡ್ರಿ." ನಾಜಿರರು ಹೋದ ಸಂಜೆಯೇ ಅವರು ಬೂಟಿನ ಗುರುತನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತಿಕ್ಕಿ, ಮಣ್ಣಿನ ಜೊತೆ ಬಣ್ಣವನ್ನೂ ತೆಗೆದಿದ್ದರು.

ಮರುವರ್ಷದ ಹುಡುಗರು ನಕಾಶೆಯ ಸುತ್ತ ಕೂತು ಕೇಳಿದ ಮೊದಲ ಪ್ರಶ್ನೆ: "ಮಾಸ್ತರ್ರಿ, ಉಸ್ಮಾನಾಬಾದ್ ಒಂದೇ ಯಾಕ ಇಷ್ಟು ಬೆಳ್ಳಗದರಿ?"

ಜಗದೇವಪ್ಪ ಮಾಸ್ತರರು ತಮ್ಮ ನಿಯಮ ಮುರಿದು ತಾವೇ ಉತ್ತರ ಹೇಳಿಬಿಟ್ಟರು.

"ಅಲ್ಲಿ ಮಳಿ ಕಮ್ಮಿ."