ಕಾಲುವೆ ಏರಿಯ ತಲೆಬರಹ

ಎರಡು ಸಾವಿರದ ಒಂಬತ್ತರ ಬೇಸಿಗೆ. ಊರಿನ ಸ್ಮಶಾನದ ಅಳತೆಯ ವಿಚಾರಣೆಯಲ್ಲಿ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ. "ಕಾಲುವೆ ಏರಿ ಪಕ್ಕ ನಿಮ್ಮವರನ್ನ ಮಣ್ಣು ಮಾಡಿರೋದಕ್ಕೆ ಹೇಳಿಕೆ ಎಲ್ಲಿದೆ?" ಕೋಮಲ ನೂರ ನಲವತ್ತು ಪುಟದ ಕಟ್ಟನ್ನು ಹಿಂದಕ್ಕೂ ಮುಂದಕ್ಕೂ ತಿರುವಿದ್ದೇ ಬಂತು. ಅರವತ್ತೊಂದು ಮನೆ ಸುತ್ತಿ, ಯಾರನ್ನು ಎಲ್ಲಿ ಹೂಳಿದ್ದಾರೆಂದು ತಾನೇ ಕೇಳಿ, ತಾನೇ ಟೈಪು ಮಾಡಿದ್ದು, ಬೇಕಾದಾಗ ಕೈಗೆ ಸಿಗಲಿಲ್ಲ. ಅಧಿಕಾರಿ ಮೂರು ವಾರ ಬಿಟ್ಟು ಬನ್ನಿ ಎಂದರು. ಅವತ್ತೂ ತೋರಿಸದಿದ್ದರೆ ಏರಿ ಪಕ್ಕದ ಹನ್ನೆರಡು ಗುಂಟೆ ಅಳತೆಯಿಂದ ಬಿಟ್ಟುಹೋಗುತ್ತದೆ, ಪಕ್ಕದ ಜಮೀನಿನವನ ಬೇಲಿ ಒಳಕ್ಕೆ ಬರುತ್ತದೆ.

ತಲಕಾಡಿನ ಬಸ್ಸಿನಲ್ಲಿ ಊರಿಗೆ ವಾಪಸಾಗುವಾಗ ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅದೂ ತನ್ನ ಮೇಲೆಯೇ.

ಮಾರನೆಯ ದಿನವೇ ನರಸೀಪುರದ ಬಸ್‌ಸ್ಟ್ಯಾಂಡಿನ ಪಕ್ಕ ಶಿವಸ್ವಾಮಿಯ ಸೈಬರ್ ಸೆಂಟರಿಗೆ ಹೋಗಿ ಕೂತಳು. ಆ ಕಟ್ಟಿನ ಮೂಲವನ್ನು ತೆರೆದಳು, ಇಂಟರ್ನೆಟ್ಟಿನಲ್ಲೇ ಬರೆದು ಇಂಟರ್ನೆಟ್ಟಿನಲ್ಲೇ ಇಡುವ ಕಡತ ಅದು. ಶಿವಸ್ವಾಮಿ ಇಣುಕಿ ನೋಡಿ ನಕ್ಕ.

"ಸತ್ತವರ ಹೆಸರುಗಳನ್ನ ದಪ್ಪ ಮಾಡಿದ್ದೀಯ ಅಷ್ಟೇ ಕಣಮ್ಮ. ನಿನ್ನ ಕಣ್ಣಿಗೆ ಅದು ತಲೆಬರಹ, ಕಂಪ್ಯೂಟರ್‌ಗೆ ಬರೀ ದಪ್ಪಕ್ಷರ. ಮೇಲಿನ ಪಟ್ಟೀಲಿ ಹೆಡಿಂಗ್ ಅಂತ ಇದೆಯಲ್ಲ, ಅದನ್ನ ಕೊಡು. ಆಮೇಲೆ ಮೊದಲ ಪುಟದಲ್ಲಿ ವಿಷಯಸೂಚಿ ಹಾಕು. ಯಾವುದನ್ನ ಒತ್ತುತೀಯೋ ಅಲ್ಲಿಗೇ ಹೋಗುತ್ತೆ."

ಒಂದೂ ಬಿಡದೆ ಎಲ್ಲಕ್ಕೂ ಹೆಡಿಂಗ್ ಕೊಟ್ಟಳು. ಸೂಚಿಯೇನೋ ಬಂತು. ಆದರೆ ಅದರಲ್ಲಿ ಒಂಬತ್ತು ಚನ್ನಯ್ಯ, ಏಳು ಮಂಚಮ್ಮ! ತಾತನ ಹೆಸರನ್ನೇ ಮೊಮ್ಮಗನಿಗೆ ಇಡುವ ಊರಿನಲ್ಲಿ ಹೆಸರು ಹಿಡಿದು ಹುಡುಕಲು ಹೊರಟಿದ್ದಳು ಮಹಾರಾಯಿತಿ. ಏರಿ ಎಂಬ ಪದವನ್ನೇ ಹುಡುಕೋಣವೆಂದರೆ, ಜನ ಒಬ್ಬೊಬ್ಬರು ಒಂದೊಂದು ಥರ ಹೇಳಿದ್ದರು. ಅಂಚು, ಆಚೆ ಕೊನೆ, ನೀರಿನ ಮಗ್ಗುಲು.

ಸಂಜೆ ಆ ಪಟ್ಟಿಯನ್ನು ಅಜ್ಜಿ ಮಂಚಮ್ಮನಿಗೆ ಓದಿ ಹೇಳಿದಳು.

"ಎಸ್ರಿಡ್ಕೊಂಡು ಯಾರವ್ವ ಉಡುಕ್ತಾರೆ?" ಎಂದಳು ಅಜ್ಜಿ. "ನಾವು ಜಾಗ ನೋಡ್ಕೊಂಡು ಓಯ್ತೀವಿ. ಉಣಸೆಮರದ ಬುಡ, ಬಂಡೆ ಸಾಲು, ಏರಿ. ಎಸ್ರಿಕ್ಕೋಕೆ ಮುಂಚೆ ಓದ ಕೂಸ್ಗಳ್ನ ನಿನ್ನ ಪಟ್ಟೀಲಿ ಎಲ್ಲಿ ಮಲಗಿಸ್ತೀಯ ಮಗ?"

ಕೋಮಲ ಪಟ್ಟಿಯನ್ನು ಕೆಳಗಿಟ್ಟಳು. ಹೆಸರಿಡುವ ಮೊದಲೇ ತೀರಿಕೊಂಡ ಕೂಸುಗಳನ್ನು ದೊಡ್ಡವರ ಸಾಲಿನಲ್ಲಿ ಹೂಳುವುದಿಲ್ಲ, ಏರಿ ಪಕ್ಕಕ್ಕೆ ಒಯ್ಯುತ್ತಾರೆ. ಹೆಸರಿಲ್ಲದ್ದಕ್ಕೆ ತಲೆಬರಹ ಏನಂತ ಕೊಡುವುದು ಎಂದು, ಹೇಳಿದವರ ಮಾತಿನ ಕೊನೆಗೆ ಒಂದೊಂದು ಸಾಲು ಸೇರಿಸಿ ಸುಮ್ಮನಾಗಿದ್ದಳು. ಹುಡುಕುತ್ತಿದ್ದದ್ದು ಆ ಸಾಲುಗಳನ್ನೇ.

ಮರುದಿನ ಬೆಳಿಗ್ಗೆ ಅಜ್ಜಿಯ ಹಿಂದೆ ಸ್ಮಶಾನವಿಡೀ ನಡೆದಳು. ಅಜ್ಜಿ ನಿಂತಲ್ಲೆಲ್ಲ ಬರೆದುಕೊಂಡಳು. ಏರಿಯ ಹತ್ತಿರ ಒಂದು ಕಡೆ ಅಜ್ಜಿ ಹೆಚ್ಚು ಹೊತ್ತು ನಿಂತಳು, ಎರಡೇ ಮಾತು ಹೇಳಿದಳು. ಅದನ್ನೂ ಬರೆದುಕೊಂಡಳು. ಆಮೇಲೆ ದಿನಾ ಸೈಬರಿಗೆ ಹೋಗಿ ಇಡೀ ಕಡತವನ್ನು ಕಿತ್ತು ಹೊಸದಾಗಿ ಜೋಡಿಸಿದಳು. ಜಾಗಕ್ಕೆ ದೊಡ್ಡ ಹೆಡಿಂಗ್, ಅದರ ಕೆಳಗೆ ಒಬ್ಬೊಬ್ಬರಿಗೂ ಚಿಕ್ಕ ಹೆಡಿಂಗ್. ಹೆಸರಿಲ್ಲದವಕ್ಕೂ ಒಂದೊಂದು.

ವಿಚಾರಣೆಯ ದಿನ ಅಧಿಕಾರಿ ಮತ್ತೆ ಅದನ್ನೇ ಕೇಳಿದರು.

"ನಿಮ್ಮ ಕಂಪ್ಯೂಟರ್‌ನಲ್ಲೇ ತೋರಿಸ್ತೀನಿ ಸಾರ್, ಒಂದು ನಿಮಿಷ," ಎಂದಳು ಕೋಮಲ. ಕಡತ ತೆರೆದು, ಸೂಚಿಯಲ್ಲಿ 'ಕಾಲುವೆ ಏರಿ' ಒತ್ತಿದಳು. ನೂರು ಪುಟ ದಾಟಿ ಪರದೆ ಅಲ್ಲಿಗೇ ಹೋಗಿ ನಿಂತಿತು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದತೊಡಗಿದರು. "ಹೆಣ್ಣು ಕೂಸು, ಎಂಟು ದಿನ, ತಾಯಿ ಜವರಮ್ಮ." ಓದುತ್ತ ಓದುತ್ತ ಅವರ ದನಿ ತಗ್ಗಿತು. ಒಟ್ಟು ಹನ್ನೊಂದು. ಕೊನೆಯದು, "ಗಂಡು ಕೂಸು, ಎರಡು ದಿನ, ತಾಯಿ ಮಂಚಮ್ಮ."

ಬಾಗಿಲ ಬಳಿ ಬೆಂಚಿನ ಮೇಲಿದ್ದ ಅಜ್ಜಿ ಎದ್ದು ನಿಂತಳು. "ಅದು ನಂದು ಸಾ."

"ಕೂತ್ಕೊಳ್ಳಮ್ಮ," ಎಂದರು ಅಧಿಕಾರಿ. ಪೆನ್ನು ತೆಗೆದು, ಏರಿಯವರೆಗೂ ಸೇರಿಸಿ ಸರ್ವೆ ಮಾಡುವಂತೆ ಆದೇಶ ಬರೆಯಲು ಶುರುಮಾಡಿದರು.

ಮಂಚಮ್ಮ ಕೂರಲಿಲ್ಲ. ಅವರು ಬರೆದು ಸಹಿ ಹಾಕುವವರೆಗೂ ನಿಂತೇ ಇದ್ದಳು.