ಕಪ್ಪು ಕಾಗದದ ಮನೆ

ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮ ಊರಿನಲ್ಲಿ ಮನೆಗಳಿಗೆ ಬೆಲೆ ಕಟ್ಟಲು ಹೊರಗಿನಿಂದ ಯಾವ ಅಧಿಕಾರಿಯೂ ಬರುವುದಿಲ್ಲ. ಮಾರ್ಚ್ ತಿಂಗಳ ಊರಸಭೆಯಲ್ಲಿ ನಮ್ಮೊಳಗಿಂದಲೇ ಮೂವರನ್ನು ಆರಿಸುತ್ತಾರೆ. ಆ ಮೂವರು ನೆರೆಯವರ ಅಟ್ಟ ಹತ್ತಿ, ನೆಲಮಾಳಿಗೆಗೆ ಇಳಿದು, ಬಚ್ಚಲಿನ ಬಾಗಿಲು ತೆರೆದು ನೋಡಿ ಬೆಲೆ ಹಾಕಬೇಕು. ಅದರ ಮೇಲೆ ಮನೆಕಂದಾಯ. ಇದ್ದಬದ್ದ ಸ್ನೇಹವನ್ನೆಲ್ಲ ಕೆಡಿಸಿಕೊಳ್ಳುವ ಈ ಕೆಲಸಕ್ಕೆ ಯಾರೂ ತಾವಾಗಿ ನಿಲ್ಲುವುದಿಲ್ಲ. ಸಭೆಯ ನಡುವೆ ಕಾಫಿ ತರಲು ಎದ್ದುಹೋದವರ ಹೆಸರನ್ನು ಯಾರೋ ಕೂಗಿಬಿಡುತ್ತಾರೆ. ನಾನು ಎರಡು ಲೋಟ ಕಾಫಿ ಹಿಡಿದು ವಾಪಸು ಬರುವಷ್ಟರಲ್ಲಿ ಆಯ್ಕೆಯಾಗಿದ್ದೆ.

ನನ್ನ ಜೊತೆ ರೋಲಂಡ್ ತಿಬೋ ಇದ್ದ, ಹಾಲಿನ ಲಾರಿ ಓಡಿಸುವವನು. ಮೂರನೆಯವರು ಕಾಲು ಮುರಿದುಕೊಂಡು ಮನೆಯಲ್ಲಿ ಮಲಗಿದ್ದರು. ಆ ವರ್ಷ ಇಡೀ ಊರಿಗೆ ಹೊಸದಾಗಿ ಬೆಲೆ ಕಟ್ಟಬೇಕಿತ್ತು. ಬಾಸ್ಟನ್ ನಗರದವರು ಬಂದು ನಮ್ಮ ಗುಡ್ಡದ ಮನೆಗಳನ್ನು ಬಾಯಿಗೆ ಬಂದ ಬೆಲೆಗೆ ಕೊಳ್ಳುತ್ತಿದ್ದರಿಂದ ಹಳೆಯ ಲೆಕ್ಕ ಯಾವುದಕ್ಕೂ ಹೊಂದುತ್ತಿರಲಿಲ್ಲ.

ಏಪ್ರಿಲ್ ಒಂದನೇ ತಾರೀಖು ಮನೆ ಹೇಗಿದೆಯೋ ಹಾಗೆ ಬೆಲೆ. ಮುಗಿದ ಮನೆಗೆ ಪೂರ್ತಿ, ಮುಗಿಯದ ಮನೆಗೆ ಕಡಿಮೆ. ಇದು ಗೊತ್ತಿದ್ದೇ ನಮ್ಮ ಕಡೆಯ ಗಂಡಸರು ಮನೆ ಮುಗಿಸುವುದಿಲ್ಲ. ಒಬ್ಬ ಮೆಟ್ಟಿಲಿಗೆ ಕಟಕಟೆ ಹಾಕುವುದಿಲ್ಲ, ಇನ್ನೊಬ್ಬ ಮಹಡಿಗೆ ನೆಲಹಲಗೆ ಹಾಸುವುದಿಲ್ಲ. ಇವರಲ್ಲೆಲ್ಲ ಎತ್ತಿದ ಕೈ ಎಲ್ವುಡ್ ಪೈಕ್. ಅವನ ಮನೆಯ ಹೊರಗೋಡೆಗೆ ಹಲಗೆಯೇ ಇರಲಿಲ್ಲ. ಕಟ್ಟಿದಾಗ ಹೊಡೆದ ಕಪ್ಪು ಡಾಂಬರು ಕಾಗದ ಹಾಗೇ ಇತ್ತು. ಹರಿದಲ್ಲಿ ಹೊಸದು ಹಚ್ಚುತ್ತಿದ್ದ. ಹೊಡೆಯಬೇಕಾದ ದೇವದಾರು ಹಲಗೆಗಳು ಕೊಟ್ಟಿಗೆಯಲ್ಲಿ ಬೂದಿಬಣ್ಣಕ್ಕೆ ತಿರುಗುತ್ತಿದ್ದವು. ಅವನ ಹೆಂಡತಿ ನೋರೀನ್ ಮದುವೆಯಾಗಿ ಬಂದಾಗಿನಿಂದ ಆ ಮನೆ ಮುಗಿಯುವುದನ್ನೇ ಕಾಯುತ್ತಿದ್ದಳು. ಅವಳು ನನ್ನ ಸ್ನೇಹಿತೆ. ಎಲ್ವುಡ್ ಕೆಟ್ಟವನಲ್ಲ, ಆದರೆ ಅವನನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

ನಾವು ಹೋದ ದಿನ ರಸ್ತೆಯೆಲ್ಲ ಕೆಸರು. ಬಾಗಿಲು ತೆರೆದವಳು ನೋರೀನ್.

"ಬಾ ಹಿಲ್ಡಾ. ಬೂಟು ಬಿಚ್ಬೇಡ, ಒಳಗೂ ಹೊರಗೂ ಏನೂ ವ್ಯತ್ಯಾಸ ಇಲ್ಲ."

ಅಡುಗೆಮನೆಯ ಕಪಾಟುಗಳಿಗೆ ಬಾಗಿಲಿರಲಿಲ್ಲ. ಅವಳೇ ಹೊಲಿದ ಪರದೆಗಳಿದ್ದವು. ಬಚ್ಚಲಿಗೂ ಪರದೆ. ರೋಲಂಡ್ ಕೆಮ್ಮಿ ಸೂಚನೆ ಕೊಟ್ಟೇ ಒಳಗೆ ಇಣುಕಿದ. ಎಲ್ವುಡ್ ನಮ್ಮ ಹಿಂದೆಯೇ ಓಡಾಡುತ್ತ, "ಆ ಬಿರುಕು ನೋಡಿದ್ಯಾ? ಇಲ್ಲಿ ಗಾಳಿ ನುಗ್ಗತ್ತೆ ನೋಡು, ಕೈ ಇಡು, ಕೈ ಇಡು" ಎಂದು ಮಗಳ ಒಡವೆ ತೋರಿಸುವ ಉತ್ಸಾಹದಲ್ಲಿ ತೋರಿಸುತ್ತಿದ್ದ.

ನೋರೀನ್ ಮೇಪಲ್ ಪಾಕ ಹಾಕಿದ ಬಿಸಿ ಕೇಕು ಕೊಟ್ಟಳು. "ಇದೇ ಕೊನೆ ಸಲ ಕಣೇ. ನೀವು ಬೆಲೆ ಕಟ್ಟಿ ಹೋದ್ಮೇಲೆ ಹಲಗೆ ಹೊಡಿತಾನಂತೆ. ಬೆಣ್ಣೆ ಥರದ ಹಳದಿ ಬಣ್ಣ ಬಳಿಯೋದು, ಕಿಟಕಿಗೆ ಬಿಳಿ. ಗುಡ್ಡದ ಕೆಳಗಿಂದಾನೇ ಕಾಣ್ಬೇಕು."

"ಅಲ್ವೇನೋ ಎಲ್ವುಡ್?" ಎಂದೆ.

"ಹೂಂ ಹೂಂ, ನೀವು ತೊಲಗಿದ ಮಾರನೇ ದಿನವೇ" ಎಂದ ಅವನು, ಸೂರಿನ ಕಡೆ ನೋಡುತ್ತ. ಅಲ್ಲೊಂದು ಸೋರಿದ ಕಲೆ ಇತ್ತು. ಅದನ್ನೂ ತೋರಿಸಿದ.

ಏನೇ ಇದ್ದರೂ ಅದು ಜನ ಬಾಳುತ್ತಿರುವ ಮನೆ, ಕಣಿವೆಯೆಲ್ಲ ಕಾಣುವ ಜಾಗ. ನಾವು ಬೆಲೆ ಏರಿಸಿದೆವು. ಎಲ್ವುಡ್ ತಕರಾರು ಹಾಕಿದ.

ತಕರಾರು ಕೇಳುವುದು ಊರಸಭೆ ಸೇರುವ ಊರಮನೆಯಲ್ಲಿ, ಎಲ್ಲರೆದುರು, ಬಲಗೈ ಎತ್ತಿ ಪ್ರಮಾಣ ಮಾಡಿಸಿ. ಬೆಂಚುಗಳ ತುಂಬ ಜನ. ನೋರೀನ್ ಹಿಂದಿನ ಸಾಲಿನಲ್ಲಿ ನೀಲಿ ಕೋಟು ಹಾಕಿಕೊಂಡು ಕೂತಿದ್ದಳು.

ಎಲ್ವುಡ್ ಅಷ್ಟು ಚೆನ್ನಾಗಿ ಮಾತಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ. ಚಳಿಗಾಲದಲ್ಲಿ ಬಚ್ಚಲಿನ ನೀರು ಹೆಪ್ಪುಗಟ್ಟುವುದು, ಗಾಳಿ ಬೀಸಿದಾಗ ಕಾಗದ ರಾತ್ರಿಯಿಡೀ ಪಟಪಟ ಬಡಿದು ನಿದ್ದೆ ಕೆಡಿಸುವುದು, ಕಪಾಟಿನ ಪರದೆ ಸರಿಸಿ ಇಲಿ ಹಿಟ್ಟಿಗೆ ಬಾಯಿ ಹಾಕುವುದು, ಮನೆಗೆ ಬಂದವರ ಮುಂದೆ ಹೆಂಡತಿ ನಾಚಿ ತಲೆ ತಗ್ಗಿಸುವುದು, ಒಂದನ್ನೂ ಬಿಡಲಿಲ್ಲ. ಇದೆಲ್ಲ ನೋರೀನ್ ವರ್ಷಗಟ್ಟಲೆ ಅವನಿಗೆ ಹೇಳಿದ ಮಾತೇ. ಅವನು ಕೇಳಿಸಿಕೊಂಡೇ ಇಲ್ಲವೆಂದು ನಾವಿಬ್ಬರೂ ತಿಳಿದಿದ್ದೆವು. ಎಲ್ಲವನ್ನೂ ಕೇಳಿಸಿಕೊಂಡಿದ್ದ.

ರೋಲಂಡ್ ಕೇಳಲೇಬೇಕಾದ ಪ್ರಶ್ನೆ ಕೇಳಿದ. "ಇಷ್ಟರಲ್ಲೇ ಮುಗಿಸೋ ಮನೆ ಆದ್ರೆ ಬೆಲೆ ಇಳಿಸಿ ಪ್ರಯೋಜನ ಇಲ್ಲ. ಯಾವಾಗ ಮುಗಿಸ್ತೀಯ?"

"ಮುಗಿಸಲ್ಲ."

"ಈ ಬೇಸಿಗೆಗೆ ಹಲಗೆ ಹೊಡಿತೀನಿ ಅಂತ ನೀನೇ ಅಂದಿದ್ಯಲ್ಲ."

"ಅದೆಲ್ಲ ಮನೆಯವಳ ಸಮಾಧಾನಕ್ಕೆ ಹೇಳೋ ಮಾತು ಮಾರಾಯ. ಪ್ರಮಾಣ ಮಾಡಿ ಹೇಳ್ತಿದೀನಿ, ಆ ಮನೆ ಯಾವತ್ತೂ ಮುಗಿಯಲ್ಲ. ಬರ್ಕೋ."

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಯಾರೂ ನಗಲಿಲ್ಲ. ನೋರೀನ್ ಎದ್ದು ನಿಂತಿದ್ದಳು.

"ಬರ್ಕೊಂಡ್ಯಾ ಹಿಲ್ಡಾ?"

"ಬರ್ಕೊಂಡೆ."

"ಸರಿ ಹಾಗಾದ್ರೆ" ಎಂದು ಕೋಟಿನ ಗುಂಡಿ ಹಾಕಿಕೊಂಡು ಹೊರಗೆ ಹೋದಳು. ಅವರ ಟ್ರಕ್ಕು ಶುರುವಾದದ್ದು ಕಿಟಕಿಯಿಂದ ಕೇಳಿಸಿತು. ಮನೆಯ ಕಡೆಗಲ್ಲ, ಅವಳ ತಂಗಿ ಇರುವ ಊರಿನ ಕಡೆಗೆ ತಿರುಗಿತು. ನಿಯಮದ ಪ್ರಕಾರ ನಾವು ಬೆಲೆ ಇಳಿಸಿದೆವು. ಎಲ್ವುಡ್ ಗೆದ್ದ. ಮನೆಗೆ ಹೋಗಲು ಗಾಡಿಯಿಲ್ಲದೆ ಕೆಸರಿನಲ್ಲಿ ನಡೆದುಕೊಂಡು ಹೋದ. ನಾನು ಕಾರು ನಿಲ್ಲಿಸಲಿಲ್ಲ. ಬೇಕೆಂದೇ ನಿಲ್ಲಿಸಲಿಲ್ಲ.

ನೋರೀನ್ ವಾಪಸು ಬರಲಿಲ್ಲ. ಜೂನ್ ಕಳೆಯಿತು. ಅಂಗಡಿಯಲ್ಲಿ ಜನ ಎಲ್ವುಡ್‌ಗೆ, "ಕಂದಾಯ ಉಳಿದ ದುಡ್ಡಲ್ಲಿ ಅಡುಗೆಯವಳನ್ನ ಇಟ್ಕೊಳ್ಳಯ್ಯಾ" ಎಂದು ಚುಚ್ಚುತ್ತಿದ್ದರು. ಅವನು ಬ್ರೆಡ್ಡು ತಗೊಂಡು ಹೋಗುತ್ತಿದ್ದ.

ಜುಲೈಯಲ್ಲಿ ಒಂದು ಮಧ್ಯಾಹ್ನ ಆ ಗುಡ್ಡದ ರಸ್ತೆಯಲ್ಲಿ ಹೋಗುವಾಗ ಸುತ್ತಿಗೆಯ ಸದ್ದು ಕೇಳಿತು. ಎಲ್ವುಡ್ ಏಣಿಯ ಮೇಲಿದ್ದ. ಮೂರು ಗೋಡೆಗಳಿಗೆ ಹಲಗೆ ಮುಗಿದು ನಾಲ್ಕನೆಯದು ಕಿಟಕಿಯವರೆಗೆ ಏರಿತ್ತು. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ.

ನನಗೆ ಇನ್ನೂ ಸಿಟ್ಟು ಇಳಿದಿರಲಿಲ್ಲ. "ಮುಂದಿನ ಏಪ್ರಿಲ್‌ಗೆ ಬೆಲೆ ಏರಿಸ್ಬೇಕಾಗತ್ತೆ, ಗೊತ್ತಲ್ಲ?" ಎಂದೆ.

"ಏರ್ಸು."

ಎಲ್ವುಡ್ ಪೈಕ್ ಬಾಯಲ್ಲಿ ಆ ಮಾತು ಕೇಳುತ್ತೇನೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅವನು ಇಳಿದು ಬಂದು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗುಳಿದ.

"ಹಿಲ್ಡಾ, ಒಂದ್ ವಿಷ್ಯ. ಬಣ್ಣ ಯಾವ್ದು ಅಂದಿದ್ಲು ಅವ್ಳು?"

ಮದುವೆಯಾಗಿ ಬಂದ ದಿನದಿಂದ ಅವಳು ಹೇಳುತ್ತಿದ್ದ ಬಣ್ಣ. ಇಲಿ, ಗಾಳಿ, ಹೆಪ್ಪುಗಟ್ಟಿದ ನೀರು ಎಲ್ಲ ನೆನಪಿಟ್ಟಿದ್ದವನಿಗೆ ಅದೊಂದು ನೆನಪಿರಲಿಲ್ಲ. ಬಣ್ಣಕ್ಕೆ ಕಂದಾಯವಿಲ್ಲ, ಅದಕ್ಕೇ ಇರಬೇಕು.

"ಗೊತ್ತು. ಆದ್ರೆ ನಾನು ಹೇಳಲ್ಲ. ಅವಳನ್ನೇ ಕೇಳು."

ಅವನು ಕೆಂಪು ಕಣ್ಣುಗಳಿಂದ ಗೋಡೆಯನ್ನು ನೋಡಿದ, ನನ್ನ ಕಾರನ್ನು ನೋಡಿದ.

"ಟ್ರಕ್ಕು ಅವಳ ಹತ್ರಾನೇ ಇದೆ" ಎಂದ.

"ಕೈ ತೊಳ್ಕೊಂಡು ಬಾ. ಬೇರೆ ಅಂಗಿ ಹಾಕ್ಕೋ" ಎಂದು ನಾನು ಕಾರಿನ ಬಾಗಿಲು ತೆರೆದೆ.